ರಜಾ ಕೇಳೋಕೂ ಒಂದು ರೀತಿ ಇದೆ, ಮಗಾ

ಟ್ರೈನಿಂಗ್ ಮುಗಿಸಿ ಯೂನಿಟ್ಟಿಗೆ ಹೋದ ಮೊದಲ ವಾರದಲ್ಲೇ ನಿನ್ನ ಪ್ಲಟೂನ್ ಹವಾಲ್ದಾರನ ಹತ್ತಿರ ಒಂದು ಮಾತು ಕೇಳು: ಈ ವರ್ಷದ ಲೀವ್ ಪ್ಲಾನ್ ಆಗಿದೆಯಾ, ಅದರಲ್ಲಿ ನನ್ನ ಹೆಸರು ಯಾವ ತಿಂಗಳಿಗೆ ಬಿದ್ದಿದೆ? ನಮ್ಮ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಕಡೆಯ ಹುಡುಗರು ಓಟದಲ್ಲಿ, ಡ್ರಿಲ್ಲಿನಲ್ಲಿ ಯಾರಿಗೂ ಕಡಿಮೆಯಿಲ್ಲ. ಬಾಯಿ ಬಿಟ್ಟು ರಜೆ ಕೇಳುವುದರಲ್ಲಿ ಮಾತ್ರ ಹಿಂದೆ. ಸಂಕೋಚಪಟ್ಟು ಸುಮ್ಮನಿದ್ದು, ಕೊನೆಗೆ ತಂಗಿಯ ಮದುವೆಗೆ ಎಂಟು ದಿನ ಇದೆ ಅನ್ನುವಾಗ ಓಡಿಹೋಗಿ ಸುಬೇದಾರ್ ಸಾಹೇಬರ ಮುಂದೆ ನಿಲ್ಲುತ್ತಾರೆ. ಅಷ್ಟು ಹೊತ್ತಿಗೆ ಪಟ್ಟಿ ಭರ್ತಿಯಾಗಿರುತ್ತದೆ.

ಕಂಪನಿಯಿಂದ ಒಂದು ಸಲಕ್ಕೆ ಇಷ್ಟೇ ಜನ ಹೋಗಬಹುದು ಅಂತ ಲೆಕ್ಕ ಇರುತ್ತದೆ. ಉಳಿದವರು ಪೋಸ್ಟ್ ಕಾಯಬೇಕು. ಕನ್ನಂಬಾಡಿ ನಾಲೆಗೆ ಕಟ್ಟು ನೀರು ಬಿಡುವುದನ್ನು ನೀನು ನೋಡಿ ಬೆಳೆದವನು. ಮೇಲಿನವನು ತನ್ನ ಸರದಿ ಮುಗಿದರೂ ತೂಬು ಮುಚ್ಚದಿದ್ದರೆ ಕೊನೆ ಭಾಗದವನ ಗದ್ದೆ ಒಣಗುತ್ತದೆ. ರಜೆಯೂ ಹಾಗೇ. ನೀನು ಎರಡು ದಿನ ತಡವಾಗಿ ಬಂದರೆ ನಿನ್ನ ಜಾಗಕ್ಕೆ ಹೊರಡಬೇಕಾದ ಬಿಹಾರದವನೋ ತಮಿಳುನಾಡಿನವನೋ ಬ್ಯಾಗ್ ಕಟ್ಟಿಟ್ಟುಕೊಂಡು ಗೇಟಿನ ಕಡೆ ನೋಡುತ್ತಾ ಕೂತಿರುತ್ತಾನೆ. ಅವನ ಟಿಕೆಟ್ಟೂ ಹೋಯಿತು, ಅವನ ಮನೆಯ ಮದುವೆಯೂ ಹೋಯಿತು.

ಲೆಕ್ಕ ತಿಳಿದಿರಲಿ. ಸೈನ್ಯದಲ್ಲಿ ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುಯಲ್ ಲೀವ್, ಅಂದರೆ ಸಿಎಲ್. ಅಗ್ನಿವೀರನಾಗಿ ಹೋದವನಿಗೆ ವರ್ಷಕ್ಕೆ 30 ದಿನ; ಕಾಯಿಲೆ ಬಿದ್ದರೆ ವೈದ್ಯರು ಹೇಳಿದಷ್ಟು ಬೇರೆ. ಸಿಎಲ್ ವರ್ಷ ಮುಗಿದರೆ ಮುಗಿಯಿತು, ಮುಂದಿನ ವರ್ಷಕ್ಕೆ ಬರುವುದಿಲ್ಲ. ಅದನ್ನು ವಾರ್ಷಿಕ ರಜೆಗೆ ಬಾಲದಂತೆ ಅಂಟಿಸಿಕೊಳ್ಳಲೂ ಬರುವುದಿಲ್ಲ. ಇಷ್ಟೆಲ್ಲ ಇದ್ದರೂ ರಜೆ ಹಕ್ಕಲ್ಲ. ಡ್ಯೂಟಿ ನೋಡಿಕೊಂಡು ಸಾಹೇಬರು ಕೊಡುವಂಥದ್ದು. ಸಿಆರ್‌ಪಿಎಫ್, ಬಿಎಸ್‌ಎಫ್ ಸೇರಿದವರ ನಿಯಮ ಬೇರೆ, ಅವರು ತಮ್ಮ ಆಫೀಸಿನಲ್ಲೇ ಕೇಳಿ ತಿಳಿಯಬೇಕು.

ನಮ್ಮ ಕಡೆ ಎಲ್ಲವೂ ಒಂದೇ ಕಾಲಕ್ಕೆ ಬಂದು ಕೂರುತ್ತದೆ. ಮೇಲುಕೋಟೆ ವೈರಮುಡಿ, ಆದಿಚುಂಚನಗಿರಿ ಜಾತ್ರೆ, ಯುಗಾದಿ, ಮಾರನೆಯ ದಿನದ ಹೊಸತೊಡಕು, ಅದರ ಬೆನ್ನಿಗೇ ಮದುವೆಗಳು. ಎಲ್ಲಕ್ಕೂ ಇರಬೇಕು ಅಂದರೆ ಆಗದು. ವರ್ಷದ ಮೊದಲಲ್ಲೇ ಮನೆಗೆ ಫೋನ್ ಮಾಡಿ ಕೇಳು: ಅಪ್ಪಾ, ಈ ವರ್ಷ ನಾನು ಇರಲೇಬೇಕಾದ ಕೆಲಸ ಯಾವುದು? ಅದಕ್ಕೆ ದೊಡ್ಡ ರಜೆಯನ್ನು ಬರೆಸು, ಬೇಕಾದರೆ ಎರಡು ಕಂತು ಮಾಡಿಕೋ. ಸಿಎಲ್ಲನ್ನು ಜಾತ್ರೆಗೆ ಖರ್ಚು ಮಾಡಬೇಡ. ಅಮ್ಮ ಆಸ್ಪತ್ರೆಗೆ ಸೇರಿದಳು ಅಂತ ಫೋನ್ ಬರುವ ದಿನಕ್ಕೆ ಅದು ಕೈಯಲ್ಲಿರಬೇಕು. ದಾರಿಯ ದಿನವನ್ನೂ ಲೆಕ್ಕಕ್ಕೆ ಹಿಡಿ. ಜಮ್ಮುವಿನಿಂದ ರೈಲು ಹತ್ತಿದರೆ ಬೆಂಗಳೂರಿಗೆ ಎರಡು ಮೂರು ದಿನ. ಅಲ್ಲಿಂದ ಪಾಂಡವಪುರ ಸ್ಟೇಷನ್ನೋ, ಅಕ್ಕಿಹೆಬ್ಬಾಳೋ, ಬಿ.ಜಿ. ನಗರವೋ, ಆಮೇಲೆ ಊರಿನ ಬಸ್ಸು. ವಾಪಸ್ ಟಿಕೆಟ್ ಮಾಡಿಸದೆ ಯೂನಿಟ್ ಬಿಡಬೇಡ. ಲೀವ್ ಸರ್ಟಿಫಿಕೇಟಿನಲ್ಲಿ ಬರೆದ ತಾರೀಖನ್ನೂ ಊರಿನ ವಿಳಾಸವನ್ನೂ ಅಲ್ಲೇ ನಿಂತು ಓದಿ ನೋಡು.

ಈಗ ನಾನು ಬಹಳ ಒತ್ತಿ ಹೇಳಬೇಕಾದ ಮಾತು. ರಜೆಗಾಗಿ ಸುಳ್ಳು ಹೇಳಬೇಡ. ನಮ್ಮ ಕಾಲದಲ್ಲಿ ಊರಿಂದ ಟೆಲಿಗ್ರಾಮ್ ಬರುತ್ತಿತ್ತು: ತಾಯಿ ಸೀರಿಯಸ್, ಕೂಡಲೇ ಹೊರಟು ಬಾ. ನಿಜವೂ ಇರುತ್ತಿತ್ತು, ಸುಳ್ಳೂ ಇರುತ್ತಿತ್ತು. ಅನುಮಾನ ಬಂದ ಸಾಹೇಬರು ಪೊಲೀಸ್ ಠಾಣೆಯ ಮೂಲಕ ವಿಚಾರಿಸುತ್ತಿದ್ದರು. ಗಟ್ಟಿಮುಟ್ಟಾಗಿ ಕಳೆ ಕೀಳುತ್ತಿದ್ದ ತಾಯಿಯನ್ನು ನೋಡಿ ಪೇದೆ ವರದಿ ಬರೆದು ಕಳಿಸಿದ ಮೇಲೆ, ಅದೇ ಹುಡುಗನ ಅಪ್ಪ ನಿಜವಾಗಿ ಹಾಸಿಗೆ ಹಿಡಿದಾಗ ನಂಬುವವರು ಯಾರು? 2013ರಲ್ಲಿ ಟೆಲಿಗ್ರಾಮ್ ನಿಂತುಹೋಯಿತು, ಈಗ ವಾಟ್ಸಾಪಿನಲ್ಲಿ ಡಾಕ್ಟರ ಚೀಟಿ ಬರುತ್ತದೆ. ಸುಳ್ಳು ಸುಳ್ಳೇ. ಹೆಂಡತಿ ಜೊತೆ ಮನಸ್ತಾಪ, ಅಣ್ಣತಮ್ಮಂದಿರ ಜಗಳ, ಸಾಲ, ಮನಸ್ಸಿಗೆ ಸಮಾಧಾನವಿಲ್ಲ: ಇದ್ದದ್ದನ್ನು ಇದ್ದ ಹಾಗೆ ಸೀನಿಯರ್ ಜೆಸಿಓ ಮುಂದೆ ಹೇಳು. ಅಲ್ಲಿ ಕೆಲಸ ಆಗದಿದ್ದರೆ ಅವರ ಮೂಲಕವೇ ಕಂಪನಿ ಕಮಾಂಡರ್ ಇಂಟರ್ವ್ಯೂಗೆ ಅರ್ಜಿ ಹಾಕು. ಹಿಂದಿ ತಡವರಿಸಿದರೂ ಚಿಂತೆಯಿಲ್ಲ. ಎಷ್ಟು ದಿನ ಬೇಕು, ಏತಕ್ಕೆ ಬೇಕು, ಎಂದು ಬರುತ್ತೇನೆ ಎಂಬ ಮೂರು ಮಾತು ಸ್ಪಷ್ಟವಾಗಿದ್ದರೆ ಸಾಕು. ಇಲ್ಲ ಅಂದರೆ ಮುಖ ಗಂಟಿಕ್ಕಿಕೊಂಡು ಬರಬೇಡ. ಯಾವಾಗ ಆಗಬಹುದು ಸಾಬ್ ಎಂದು ಕೇಳಿಕೊಂಡು ಬಾ.

ಜಮೀನಿನ ವಿಷಯ ಬೇರೆಯಾಗಿಯೇ ಹೇಳಬೇಕು. ಎಷ್ಟೋ ಹುಡುಗರ ರಜೆ ಪೌತಿ ಖಾತೆ, ಪೋಡಿ, ಸರ್ವೆ ಅಂತ ತಾಲ್ಲೂಕು ಕಚೇರಿಯ ಬೆಂಚಿನ ಮೇಲೇ ಕಳೆದುಹೋಗುತ್ತದೆ. ಮಗುವಿನ ಮುಖ ನೋಡಲು ಬಂದವನು ಗ್ರಾಮ ಆಡಳಿತಾಧಿಕಾರಿಯ ಮುಖ ನೋಡಿಕೊಂಡು ವಾಪಸ್ ಹೋಗುತ್ತಾನೆ. ಊರಿಗೆ ಬರುವ ಮೊದಲೇ ಯೂನಿಟ್ಟಿನಲ್ಲಿ ಅರ್ಜಿ ಕೊಟ್ಟರೆ ಕಮಾಂಡಿಂಗ್ ಆಫೀಸರ್ ಮಂಡ್ಯದ ಜಿಲ್ಲಾಧಿಕಾರಿಗೆ ಪತ್ರ ಬರೆಯುತ್ತಾರೆ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯವರೂ ನೆರವಿಗೆ ಇದ್ದಾರೆ. ಯುದ್ಧದಂಥ ವಿಶೇಷ ಪರಿಸ್ಥಿತಿಯಲ್ಲಿ ಇರುವ ಸೈನಿಕ ಕೋರ್ಟಿಗೆ ಬರಲಾಗದಿದ್ದರೆ ಅವನ ಸಿವಿಲ್ ದಾವೆಯನ್ನು ತಡೆದಿಡಲು 1925ರ ಸೈನಿಕರ ವ್ಯಾಜ್ಯ ಕಾಯ್ದೆ ಇದೆ. ವಕೀಲರಿಗೆ ನೆನಪು ಮಾಡು.

ರಜೆಯಲ್ಲಿ ಇದ್ದಾಗ ಕಾಯಿಲೆಯಾದರೆ ಹತ್ತಿರದ ಆಸ್ಪತ್ರೆಗೆ ಹೋಗು, ಜೀವ ಮೊದಲು. ಆದರೆ ಅಂದೇ ಯೂನಿಟ್ಟಿಗೂ ಮಿಲಿಟರಿ ಆಸ್ಪತ್ರೆಗೂ ತಿಳಿಸು. ಬೆಂಗಳೂರಿನಲ್ಲಿ ಏರ್‌ಫೋರ್ಸಿನ ಕಮಾಂಡ್ ಆಸ್ಪತ್ರೆ ಇದೆ. ರಜೆ ಹೆಚ್ಚಿಸಿಕೊಳ್ಳಬೇಕಾದರೆ ಮುಗಿಯುವ ಮುಂಚೆ ಕೇಳು, ಮಂಜೂರಾಯಿತೆಂಬ ಉತ್ತರ ಬರುವವರೆಗೆ ಆಗಿದೆ ಅಂದುಕೊಳ್ಳಬೇಡ. ಫೋನ್ ಸ್ವಿಚ್ ಆಫ್ ಮಾಡಿ ಮನೆಯಲ್ಲಿ ಕೂರುವುದು ಎಲ್ಲಕ್ಕಿಂತ ಕೆಟ್ಟದ್ದು. ಸಕಾರಣವಿಲ್ಲದೆ ರಜೆ ಮೀರಿ ಉಳಿದರೆ 1950ರ ಸೇನಾ ಕಾಯ್ದೆಯ 39ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಸಜೆ ಕೊಡಬಹುದು. ಮೂವತ್ತು ದಿನ ದಾಟಿದರೆ ವಿಚಾರಣಾ ಕೋರ್ಟ್ ಕೂರುತ್ತದೆ. ಹೆದರಿಕೆಯಿಂದ ಒಂದು ದಿನ ತಡ ಮಾಡಿ, ಆ ಒಂದು ದಿನದ ಹೆದರಿಕೆಯಿಂದ ಒಂದು ತಿಂಗಳು ಉಳಿದವರಿದ್ದಾರೆ. ತಡವಾಗಿದ್ದರೂ ಪರವಾಗಿಲ್ಲ, ಇವತ್ತೇ ಹೊರಡು. ತಾನಾಗಿ ಬಂದವನನ್ನೂ ಹಿಡಿದು ತಂದವನನ್ನೂ ಸೇನೆ ಒಂದೇ ಕಣ್ಣಿನಿಂದ ನೋಡುವುದಿಲ್ಲ.

ಅರ್ಧ ರಜೆಯಲ್ಲಿ ಕರೆ ಬಂದರೂ ಹೊರಡಬೇಕಾಗುತ್ತದೆ. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರದ ಹೊತ್ತಿಗೆ ಹಾಗೆ ಹೊರಟವರಲ್ಲಿ ಕರ್ನಾಟಕದ ಹುಡುಗರೂ ಇದ್ದರು.

ಮನೆಯವರಿಗೂ ಎರಡು ಮಾತು. ನಮ್ಮ ಜಿಲ್ಲೆಯದೇ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಸಿಆರ್‌ಪಿಎಫ್ ಜವಾನ ಎಚ್. ಗುರು ರಜೆ ಮುಗಿಸಿ ಹೊರಟ ಕೆಲವೇ ದಿನಗಳಲ್ಲಿ, 2019ರ ಫೆಬ್ರುವರಿ 14ರಂದು, ಪುಲ್ವಾಮಾದಲ್ಲಿ ಸಿಆರ್‌ಪಿಎಫ್ ವಾಹನಗಳ ಸಾಲಿನ ಮೇಲೆ ನಡೆದ ದಾಳಿಯಲ್ಲಿ ಹುತಾತ್ಮರಾದರು. ಅಂದು ಆ ಸಾಲಿನಲ್ಲಿ ರಜೆಯಿಂದ ಮರಳುತ್ತಿದ್ದವರೇ ಬಹಳ ಮಂದಿ. 40 ಮಂದಿ ಪ್ರಾಣ ಕೊಟ್ಟರು. ಅದಾದ ಒಂದು ವಾರಕ್ಕೇ ಕೇಂದ್ರ ಪಡೆಗಳ ಜವಾನರು ರಜೆಗೆ ಹೋಗಿ ಬರುವಾಗಲೂ ಶ್ರೀನಗರ, ಜಮ್ಮು, ದೆಹಲಿ ನಡುವೆ ವಿಮಾನದಲ್ಲಿ ಪ್ರಯಾಣಿಸಲು ಸರ್ಕಾರ ಒಪ್ಪಿಗೆ ಕೊಟ್ಟಿತು. ರಜೆಗೆ ಬಂದ ಮಗನ ದಿನಗಳು ಎಷ್ಟು ಬೆಲೆಯವು ಎಂದು ಗುಡಿಗೆರೆಯವರಿಗೆ ಗೊತ್ತು. ಅವನನ್ನು ನೆಂಟರ ಮನೆಯಿಂದ ನೆಂಟರ ಮನೆಗೆ ಓಡಾಡಿಸಬೇಡಿ. ಪಂಚಾಯಿತಿ ಜಗಳ ಅವನ ತಲೆಗೆ ಕಟ್ಟಬೇಡಿ. ಇನ್ನೆರಡು ದಿನ ಇರಪ್ಪಾ ಎಂದು ಕೊನೆಯ ದಿನ ಕಣ್ಣೀರು ಹಾಕಿ ತಡೆಯಬೇಡಿ. ಅವನು ಮಲಗಲಿ, ಮಕ್ಕಳ ಜೊತೆ ಆಡಲಿ, ಹೆಂಡತಿಯ ಜೊತೆ ನಾಲ್ಕು ಮಾತಾಡಲಿ. ಅವನ ಯೂನಿಟ್ಟಿನ ವಿಳಾಸ, ಆರ್ಮಿ ನಂಬರ್, ಫೋನ್ ನಂಬರ್ ಒಂದು ಚೀಟಿಯಲ್ಲಿ ಬರೆದು ದೇವರ ಪಟದ ಹಿಂದೆ ಇಟ್ಟುಕೊಳ್ಳಿ. ನಿಜವಾದ ಆಪತ್ತು ಬಂದ ದಿನ ಅದೇ ನಂಬರಿಗೆ ನಿಜವನ್ನೇ ಹೇಳಿ, ಮಗನನ್ನು ಕಳಿಸಿಕೊಡಿ ಎಂದು ಕೇಳಿ.