‘ನಮ್ಮ ಪಿತೃಗಳು’ ಎನ್ನಲು ನನಗೆ ಹಕ್ಕಿದೆಯೇ?

ಪ್ರಶ್ನೆ: ನಾನು ಮೈಸೂರಿನವಳು, ಈಗ ನ್ಯೂಯಾರ್ಕಿನಲ್ಲಿದ್ದೇನೆ. ವರ್ಷಗಟ್ಟಲೆ ಓದಿ, ಯೋಚಿಸಿ ಯಹೂದಿ ಧರ್ಮಕ್ಕೆ ಸೇರಿದೆ. ನಿತ್ಯದ ಅಮಿದಾ ಪ್ರಾರ್ಥನೆ ಶುರುವಾಗುವುದೇ ಅಬ್ರಹಾಮ, ಇಸಾಕ, ಯಾಕೋಬರ ಸ್ಮರಣೆಯಿಂದ. ಅವರನ್ನು ‘ನಮ್ಮ ಪಿತೃಗಳು’ ಎನ್ನುವಾಗ ನಾಲಿಗೆ ತಡೆಯುತ್ತದೆ. ನನ್ನ ತಾತ, ಮುತ್ತಾತ ಯಾರೆಂದು ನನಗೆ ಗೊತ್ತಲ್ಲ! ‘ಹಿರೀಕರನ್ನೇ ಬಿಟ್ಟೆಯಾ?’ ಎಂದು ಅಪ್ಪ ಫೋನಿನಲ್ಲಿ ಕೇಳಿದ್ದು ಮನಸ್ಸಿನಿಂದ ಹೋಗುತ್ತಿಲ್ಲ.

ಉತ್ತರ: ನಿಮ್ಮ ಅಳುಕು ಬಹಳ ಹಳೆಯದು. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಯಹೂದಿ ಶಾಸ್ತ್ರಗ್ರಂಥ ಮಿಶ್ನಾ ನಿಮ್ಮ ಅನುಮಾನದ ಪರವಾಗಿಯೇ ಇದೆ: ಹೊರಗಿನಿಂದ ಬಂದವರು ಒಬ್ಬರೇ ಪ್ರಾರ್ಥಿಸುವಾಗ ‘ಇಸ್ರಾಯೇಲಿನ ಪಿತೃಗಳು’ ಎನ್ನಬೇಕು, ಸಿನಗಾಗ್‌ನಲ್ಲಾದರೆ ‘ನಿಮ್ಮ ಪಿತೃಗಳು’ ಎನ್ನಬೇಕು. ನೂರು ಜನರ ನಡುವೆ ನಿಂತು ಹಾಗೆ ಹೇಳುವವರ ಸಂಕಟ ಊಹಿಸಿಕೊಳ್ಳಿ. ಮಿಶ್ನಾವನ್ನು ಚರ್ಚಿಸುವ ಯೆರೂಸಲೇಮಿನ ತಾಲ್ಮುದ್‌ನಲ್ಲಿ ರಬ್ಬಿ ಯೆಹೂದಾ ಇದನ್ನು ಒಪ್ಪಲಿಲ್ಲ. ಅನೇಕ ಜನಾಂಗಗಳಿಗೆ ತಂದೆಯಾಗುವೆ ಎಂದು ದೇವರು ಅಬ್ರಹಾಮನಿಗೆ ಮಾತು ಕೊಟ್ಟಿರುವಾಗ, ಬಂದವರೆಲ್ಲ ಅವನ ಮಕ್ಕಳೇ ಎಂಬುದು ಅವರ ವಾದ.

12ನೇ ಶತಮಾನದಲ್ಲಿ ಓಬದ್ಯ ಎಂಬ ಮತಾಂತರಿ ನಿಮ್ಮ ಪ್ರಶ್ನೆಯನ್ನೇ ಈಜಿಪ್ಟಿನಲ್ಲಿದ್ದ ಮೈಮೊನಿಡಿಸ್‌ಗೆ ಬರೆದು ಕೇಳಿದ. ಆ ಮಹಾಪಂಡಿತರ ಉತ್ತರ ನನಗೆ ತುಂಬ ಪ್ರಿಯ: ಒಂದಕ್ಷರವನ್ನೂ ಬದಲಿಸಬೇಡ, ಉಳಿದವರಂತೆಯೇ ಹೇಳು. ನಮ್ಮ ವಂಶ ಪಿತೃಗಳವರೆಗೆ ಹೋಗುತ್ತದೆ, ನಿನ್ನದು ಲೋಕವನ್ನು ಸೃಷ್ಟಿಸಿದವನವರೆಗೇ ಹೋಗುತ್ತದೆ ಎಂದು ಅವನ ಬೆನ್ನು ತಟ್ಟಿದರು. ಅಬ್ರಹಾಮನೂ ತಂದೆಯ ಮನೆ ಬಿಟ್ಟು ಹೊರಟವನೇ ಅಲ್ಲವೇ? ನಿಮ್ಮ ನೋವು ಅವನಿಗೆ ತಿಳಿಯದ್ದೇನಲ್ಲ. ಅಮಿದಾದ ಆರಂಭದಲ್ಲಿ ಬಾಗಿದ ಬೆನ್ನು ನೆಟ್ಟಗಾದ ಕೂಡಲೇ ಬರುವ ಮಾತು ‘ನಮ್ಮ ಪಿತೃಗಳು’. ತಡವರಿಸದೆ ಹೇಳಿ. ಸುಳ್ಳಲ್ಲ.

ಇನ್ನು ಅಪ್ಪನ ಮಾತು. ನನಗೆ ಹೆಚ್ಚು ಕಾಳಜಿ ಇರುವುದು ಇಲ್ಲೇ. ಮತಾಂತರಿ ಆಗ ತಾನೇ ಹುಟ್ಟಿದ ಮಗುವಿನಂತೆ ಎನ್ನುತ್ತದೆ ಯಹೂದಿ ಶಾಸ್ತ್ರ. ಆದರೂ ಹೆತ್ತ ತಂದೆಯನ್ನು ಹೀನಾಯವಾಗಿ ಕಾಣಕೂಡದು, ಗೌರವ ತೋರಬೇಕು ಎಂದು ಅದೇ ಮೈಮೊನಿಡಿಸ್ ವಿಧಿಸಿದ್ದಾರೆ. ಹಾಗಾಗಿ ಫೋನಿನಲ್ಲಿ ಧರ್ಮದ ಚರ್ಚೆ ಬೇಡ. ಮುತ್ತಾತ ಯಾವ ಊರಿನವರು, ಏನು ಮಾಡಿಕೊಂಡಿದ್ದರು, ಅಜ್ಜಿಯ ತವರು ಯಾವುದು ಎಂದು ಕೇಳಿ, ಬರೆದಿಟ್ಟುಕೊಳ್ಳಿ. ಅವರೂ ನಿಮ್ಮ ಹಿರಿಯರೇ. ಒಂದು ವಿಷಯ ಮಾತ್ರ ಮುಚ್ಚಿಡಬೇಡಿ. ನಿಮ್ಮ ಹೀಬ್ರೂ ಹೆಸರಿನ ಜೊತೆ ಅಬ್ರಹಾಮ ಮತ್ತು ಸಾರಾಳ ಮಗಳು ಎಂದು ಸೇರಿಸುವುದು ರೂಢಿ. ಅದು ಬೇರೆಯವರ ಬಾಯಿಂದ ಅಪ್ಪನ ಕಿವಿಗೆ ಬೀಳುವ ಮೊದಲು ನೀವೇ ತಿಳಿಸಿ. ಸಿಟ್ಟಾದರೆ ಆಗಲಿ, ಮುಂದಿನ ವಾರವೂ ಫೋನ್ ಮಾಡಿ.