ಮೋಟಾರು ಕಾರಿನ ಎಂಜಿನ್ ಅತಿಯಾಗಿ ಕಾಯುವುದೇಕೆ?

ಬೇಸಗೆಯ ಮಧ್ಯಾಹ್ನ ಅಮೀರ್‌ಪೇಟೆಯ ಮೈತ್ರಿವನದ ಬಳಿ ವಾಹನಗಳು ಒಂದನ್ನೊಂದು ಒತ್ತಿ ನಿಂತಿರುವಾಗ, ಬದಿಗೆ ಸರಿದು ಬಾನೆಟ್ಟು ತೆರೆದು ಹಬೆಯಾಡುತ್ತಿರುವ ಕಾರೊಂದು ನಮ್ಮ ಕಣ್ಣಿಗೆ ಬೀಳುವುದುಂಟು. ದಾರಿಹೋಕರು ಬಿಸಿಲನ್ನು ಶಪಿಸಿ ಮುಂದೆ ಸಾಗುವರು. ಆದರೆ ಅದೇ ಬಿಸಿಲಿನಲ್ಲಿ ನೂರಾರು ಕಾರುಗಳು ಸುಖವಾಗಿ ಹೋಗುತ್ತಿವೆಯಲ್ಲ! ಬಿಸಿಲು ಇಲ್ಲಿ ನೆಪವೇ ಹೊರತು ಮೂಲಕಾರಣವಲ್ಲ.

ಎಂಜಿನ್ನಿನಲ್ಲಿ ಉರಿಯುವ ಪೆಟ್ರೋಲಿನ ಶಕ್ತಿಯಲ್ಲಿ, ಸ್ಥೂಲವಾಗಿ ಹೇಳುವುದಾದರೆ, ಮೂರರಲ್ಲೊಂದು ಪಾಲು ಮಾತ್ರ ಕೆಲಸಕ್ಕೆ ಒದಗುತ್ತದೆ. ಉಳಿದುದು ಶಾಖ. ಅದರಲ್ಲಿ ಒಂದು ಭಾಗ ಹೊಗೆಯೊಡನೆ ಹೊರಬೀಳುವುದು. ಮತ್ತೊಂದು ಭಾಗವನ್ನು ಹೊತ್ತೊಯ್ಯುವ ಹೊಣೆ ನೀರಿನದು. ಪಂಪು ಈ ನೀರನ್ನು ಎಂಜಿನ್ನಿನ ಸುತ್ತಣ ಪೊಳ್ಳುಗಳಲ್ಲಿ ಹರಿಸಿ ರೇಡಿಯೇಟರಿಗೆ ಕಳುಹಿಸುತ್ತದೆ. ಅಲ್ಲಿಯ ಸಣ್ಣ ಕೊಳವೆಗಳಲ್ಲಿ ಗಾಳಿಯಿಂದ ತಣಿದ ನೀರು ಮರಳಿ ಬರುತ್ತದೆ. ನಡುವೆ ಥರ್ಮೊಸ್ಟಾಟ್ ಎಂಬ ದ್ವಾರಪಾಲಕನಿದ್ದಾನೆ. ಶಾಖವು ಸುಮಾರು 80ರಿಂದ 90 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಅವನು ರೇಡಿಯೇಟರಿನ ದಾರಿಯನ್ನು ತೆರೆಯನು.

ಹೀಗಿರಲು, ಕಾರು ಯಾವಾಗ ಕಾಯುತ್ತದೆ ಎಂಬ ಪ್ರಶ್ನೆಯೇ ರೋಗನಿದಾನದ ಮೊದಲ ಹೆಜ್ಜೆ. ನಿಂತಲ್ಲಿ ಕಾದು, ಓಡತೊಡಗಿದೊಡನೆ ತಣಿಯುವುದಾದರೆ ಫ್ಯಾನಿನ ಮೇಲೆ ಸಂಶಯಪಡಬೇಕು. ಓಡುವಾಗ ಎದುರುಗಾಳಿಯೇ ಅದರ ಕೆಲಸವನ್ನು ಮಾಡುವುದಷ್ಟೆ. ಈಗಿನ ಬಹುಪಾಲು ಕಾರುಗಳ ಫ್ಯಾನು ವಿದ್ಯುತ್ತಿನದಾದುದರಿಂದ ಫ್ಯೂಸು, ರಿಲೇಗಳನ್ನು ಮೊದಲು ನೋಡತಕ್ಕದ್ದು. ಹಳೆಯ ಅಂಬಾಸಿಡರಿನಲ್ಲಿಯಾದರೋ ಒಂದೇ ಬೆಲ್ಟು ಫ್ಯಾನನ್ನೂ ಪಂಪನ್ನೂ ತಿರುಗಿಸುತ್ತಿತ್ತು; ಅದು ಸಡಿಲವಾದರೆ ಎರಡೂ ಸೋತಂತೆಯೇ. ಇದಕ್ಕೆ ಪ್ರತಿಯಾಗಿ, ಹೆದ್ದಾರಿಯ ವೇಗದಲ್ಲೋ ಚಾರ್ಮಾಡಿಯಂಥ ಘಾಟಿಯನ್ನೇರುವಾಗಲೋ ಕಾಯುವ ಕಾರಿನಲ್ಲಿ ಸಾಮಾನ್ಯವಾಗಿ ನೀರಿನ ಹರಿವೇ ಕುಂಠಿತವಾಗಿರುತ್ತದೆ: ಥರ್ಮೊಸ್ಟಾಟ್ ಪೂರ್ತಿ ತೆರೆಯದಿರಬಹುದು, ಇಲ್ಲವೆ ರೇಡಿಯೇಟರಿನ ಕೊಳವೆಗಳು ಕಟ್ಟಿರಬಹುದು. ಕೊಳವೆಬಾವಿಯ ಗಡಸು ನೀರನ್ನು ವರ್ಷಗಟ್ಟಲೆ ಸುರಿದರೆ, ಬಚ್ಚಲುಮನೆಯ ಹಂಡೆಯೊಳಗೆ ಕಟ್ಟುವ ಬಿಳಿಯ ಪೊರೆಯೇ ಅಲ್ಲಿಯೂ ಕಟ್ಟುತ್ತದೆ. ತುಕ್ಕನ್ನು ತಡೆಯುವ ಕೂಲಂಟನ್ನು ಶುದ್ಧಜಲದೊಡನೆ ಬೆರೆಸಿ ಹಾಕಬೇಕೆನ್ನುವುದು ಬರಿಯ ವ್ಯಾಪಾರದ ಮಾತಲ್ಲ.

ನೀರು ದಿನದಿನಕ್ಕೂ ಇಳಿಯುತ್ತಿದ್ದು, ನೆಲದ ಮೇಲೆ ಹನಿಯ ಗುರುತೂ ಇಲ್ಲದಿದ್ದರೆ ಸಂಗತಿ ಗಂಭೀರ. ಹೆಡ್ ಗ್ಯಾಸ್ಕೆಟ್ ಕೆಟ್ಟು ನೀರು ಎಂಜಿನ್ನಿನೊಳಕ್ಕೇ ಸೇರುತ್ತಿರಬಹುದು. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿಯ ಹೊಗೆ, ಹಾಲು ಬೆರೆತಂತೆ ಕಾಣುವ ಎಣ್ಣೆ, ಇವು ಅದರ ಲಕ್ಷಣಗಳು. ಅಂಥ ಕಾರನ್ನು ಓಡಿಸದೆ ಎಳೆಸಿಕೊಂಡು ಹೋಗುವುದೇ ಲೇಸು.

ಇನ್ನು ರೇಡಿಯೇಟರಿನ ಮುಚ್ಚಳದ ವಿಷಯ. ಸಮುದ್ರಮಟ್ಟದಿಂದ ಸುಮಾರು 540 ಮೀಟರು ಎತ್ತರದಲ್ಲಿರುವ ಈ ನಗರದಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಮುಚ್ಚಳವು ಪ್ರೆಷರ್ ಕುಕ್ಕರಿನಂತೆ ಒತ್ತಡವನ್ನು ಹಿಡಿದಿಡುವುದರಿಂದ ಒಳಗಿನ ದ್ರವ ಸುಮಾರು 120 ಡಿಗ್ರಿಯವರೆಗೂ ಕುದಿಯದೆ ಇರಬಲ್ಲದು. ಕಾದ ಎಂಜಿನ್ನಿನ ಮುಚ್ಚಳವನ್ನು ಅವಸರದಿಂದ ತಿರುಗಿಸಿದಿರೋ, ಒತ್ತಡ ಕಳೆದು ಆ ದ್ರವ ಕ್ಷಣಾರ್ಧದಲ್ಲಿ ಹಬೆಯಾಗಿ ಚಿಮ್ಮಿ ಮುಖವನ್ನೂ ಕೈಗಳನ್ನೂ ಸುಡುವುದು. ಆದ್ದರಿಂದ ಎಂಜಿನ್ ನಿಲ್ಲಿಸಿ, ಅರ್ಧ ಗಂಟೆಗೆ ಕಡಮೆಯಿಲ್ಲದಂತೆ ಕಾದು, ಕೊಳವೆ ಮುಟ್ಟಿದರೆ ತಣ್ಣಗಿದೆ ಎನಿಸಿದ ಮೇಲಷ್ಟೇ ದಪ್ಪ ಬಟ್ಟೆ ಹಿಡಿದು ಮುಚ್ಚಳವನ್ನು ಮೆಲ್ಲನೆ ತೆರೆಯಬೇಕು. ಕೆಂಡದಂತಿರುವ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹವೇ ಬಿರುಕುಬಿಟ್ಟೀತು. ಮುಂದಿನ ಫಲಕದ ಮುಳ್ಳು ಇದ್ದಕ್ಕಿದ್ದಂತೆ ಕೆಳಗಿಳಿಯಿತೆಂದು ಮೋಸಹೋಗಲೂಬಾರದು. ನೀರು ಬರಿದಾದಾಗ ಶಾಖಮಾಪಕದ ತುದಿ ನೀರನ್ನು ಮುಟ್ಟದೆ, ಸುಡುತ್ತಿರುವ ಎಂಜಿನ್ನನ್ನು ತಣ್ಣಗಿದೆಯೆಂದು ತೋರಿಸುವುದುಂಟು.