'ಇಲ್ಲಿ ಕ್ಲಿಕ್ ಮಾಡಿ' ಅಂದ್ರೆ ಎಲ್ಲಿ?

ಹೋದ ಸೆಮ್‌ನಲ್ಲಿ ಕ್ಲಾಸ್ ನೋಟ್ಸ್ ಹಾಕೋಕೆ ಅಂತ ನಾನೊಂದು ವೆಬ್ ಪೇಜ್ ಮಾಡಿದ್ದೆ. ಹದಿನಾಲ್ಕು ಲಿಂಕ್, ಹದಿನಾಲ್ಕಕ್ಕೂ ಒಂದೇ ಹೆಸರು: 'ಇಲ್ಲಿ ಕ್ಲಿಕ್ ಮಾಡಿ'.

ಕಣ್ಣು ಕಾಣದ ನಮ್ಮ ಸೀನಿಯರ್ ಒಬ್ಬರು ಅದನ್ನ ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್‌ನಲ್ಲಿ ತೆರೆದ್ರು. ಅದರಲ್ಲಿ ಇನ್ಸರ್ಟ್ ಜೊತೆ ಎಫ್7 ಒತ್ತಿದ್ರೆ ಪುಟದ ಲಿಂಕ್‌ಗಳಷ್ಟೇ ಪಟ್ಟಿಯಾಗಿ ಬರುತ್ತೆ, ಸುತ್ತಲಿನ ವಾಕ್ಯ ಬರಲ್ಲ. ಬಾಣದ ಕೀ ಒತ್ತಿದಷ್ಟು ಸಲ 'ಇಲ್ಲಿ ಕ್ಲಿಕ್ ಮಾಡಿ'. "ಎಲ್ಲಿ ಅಂತ ಹೇಳೋ ಮಾರಾಯ" ಅಂತ ಅವರು ನಕ್ಕರು. ನಂಗೆ ನಗು ಬರ್ಲಿಲ್ಲ.

ಸರ್ಚ್ ಇಂಜಿನ್‌ಗೂ ಇದೇ ಪಾಡು. 1998ರಲ್ಲಿ ಸೆರ್ಗೆ ಬ್ರಿನ್, ಲ್ಯಾರಿ ಪೇಜ್ ಗೂಗಲ್ ಬಗ್ಗೆ ಬರೆದ ಪೇಪರ್‌ನಲ್ಲೇ ಇದೆ: ಲಿಂಕ್‌ನ ಪದಗಳನ್ನ ಅದಿರೋ ಪುಟದ ಜೊತೆಗೆ, ಅದು ತೋರಿಸೋ ಪುಟದ ಲೆಕ್ಕಕ್ಕೂ ಸೇರಿಸ್ತಾರೆ. ಹಾಗಾಗಿ ಒಳಗೆ ಅಕ್ಷರವೇ ಇಲ್ಲದ ಚಿತ್ರವನ್ನೂ ಹುಡುಕಬಹುದು. ನನ್ನ ನೋಟ್ಸೆಲ್ಲ ಕೈಬರಹದ ಫೋಟೋ. ಅದಕ್ಕೆ ನಾನು ಕೊಟ್ಟ ಸುಳಿವು, 'ಇಲ್ಲಿ'!

ಕನ್ನಡದಲ್ಲಿ ಬರೆಯುವಾಗ ಈ ತಪ್ಪು ಸಲೀಸಾಗಿ ಆಗುತ್ತೆ. 'ಮಾಡ್ಯೂಲ್ 3ರ ನೋಟ್ಸ್ ಇಲ್ಲಿದೆ' ಅಂತ ಬರೆದು, ಕೊನೇ ಪದಕ್ಕೆ ಲಿಂಕ್ ಹಾಕಿಬಿಡ್ತೀವಿ. ಲಿಂಕ್ ಹೋಗಬೇಕಾದ್ದು 'ಮಾಡ್ಯೂಲ್ 3ರ ನೋಟ್ಸ್' ಮೇಲೆ. ಪಿಡಿಎಫ್ ಆದ್ರೆ ಅದನ್ನೂ ಹೇಳಿ, ಡೇಟಾ ಉಳಿಯುತ್ತೆ. ಹಾಗಂತ 'ಬೆಸ್ಟ್ ಫ್ರೀ ನೋಟ್ಸ್ ಡೌನ್‌ಲೋಡ್ 100% ಪಾಸ್' ಅಂತ ತುರುಕಬೇಡಿ. ಅದು ಸ್ಪ್ಯಾಮ್.

ಎಲ್ಲ ತಿದ್ದಿ ಸೀನಿಯರ್‌ಗೆ ಕಳಿಸಿದೆ. ಐದೇ ನಿಮಿಷಕ್ಕೆ ಮೆಸೇಜ್ ಬಂತು: "ಮಾಡ್ಯೂಲ್ 3 ಎರಡು ಸಲ ಇದೆ. ಯಾವ ಸಬ್ಜೆಕ್ಟ್‌ದು?"